ಹಿಂಗಾಲಿನ ಮುಳ್ಳು

ಪಾಲಹಳ್ಳಿಯ ಕಡೆ ನಾಲೆ ಏರಿಯ ಮೇಲಾಗಲಿ, ಗದ್ದೆಯ ಬದುವಿನಲ್ಲಾಗಲಿ, ತುಂಬೆಯೋ ಸಾಸಿವೆಯೋ ಹೂ ಬಿಟ್ಟಲ್ಲಿ ಹಳದಿ ಕಪ್ಪು ಪಟ್ಟೆಯ ಪುಟ್ಟ ಹುಳವೊಂದು ಗಾಳಿಯಲ್ಲಿ ಇದ್ದಲ್ಲೇ ನಿಂತಿರುತ್ತದೆ. ಕೆಲವರು ಜೇನು ಎಂದುಕೊಳ್ಳುತ್ತಾರೆ, ಕೆಲವರು ಕಣಜವೆಂದು ಹೆದರಿ ಟವೆಲ್ ಬೀಸುತ್ತಾರೆ. ಅದು ಎರಡೂ ಅಲ್ಲ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದೊಂದು ನೊಣ. ಕೃಷಿ ವಿಜ್ಞಾನಿಗಳು ಸಿರ್ಫಿಡ್ ನೊಣ ಎನ್ನುತ್ತಾರೆ.

ಆ ಪಟ್ಟೆ ಹಕ್ಕಿಗಳನ್ನು ದೂರವಿಡಲು ತೊಟ್ಟ ವೇಷ. ನಿಜವಾದ ಗುರುತು ಬೇರೆಲ್ಲೋ ಇರುತ್ತದೆ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮೀಸೆ ತೀರ ಗಿಡ್ಡ. ರೆಕ್ಕೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ನಡುಭಾಗದಲ್ಲಿ ಉದ್ದಕ್ಕೆ ಒಂದು ಗೆರೆ ಕಾಣುತ್ತದೆ. ನರದಂತೆ ಕಂಡರೂ ಅದು ನರವಲ್ಲ. ಅಂಚನ್ನೂ ಮುಟ್ಟದೆ, ಬೇರೆ ನರವನ್ನೂ ಸೇರದೆ ನಡುವೆಯೇ ಮುಗಿದುಹೋಗುತ್ತದೆ. ಪ್ರಪಂಚದಲ್ಲಿ ಸುಮಾರು 6,000 ಬಗೆಯ ಸಿರ್ಫಿಡ್ ನೊಣಗಳಿವೆ. ಹೆಚ್ಚುಕಡಿಮೆ ಎಲ್ಲಕ್ಕೂ ಈ ಹುಸಿ ನರವೇ ಕುಲದ ಗುರುತು.

ಕುಲ ತಿಳಿದರೆ ಸಾಲದು, ಜಾತಿಯೂ ತಿಳಿಯಬೇಕು. ನಮ್ಮ ಕಡೆ ಅಲಸಂದೆಗೆ ಹೇನು ಹತ್ತಿದಾಗ ಹಾಜರಾಗುವುದು ಇಶಿಯೋಡಾನ್ ಸ್ಕುಟೆಲ್ಲಾರಿಸ್. 1805ರಲ್ಲಿ ಫ್ಯಾಬ್ರೀಷಿಯಸ್ ಇದನ್ನು ಮೊದಲು ವರ್ಣಿಸಿದ. ಇದರ ಮುಖ ಹಳದಿ, ಎದೆಯ ಎರಡು ಪಕ್ಕದಲ್ಲೂ ಹಳದಿ ಗೆರೆ. ಇಂಥ ಬಣ್ಣ ಇನ್ನೆಷ್ಟೋ ನೊಣಗಳಿಗಿದೆ. ಹಾಗಾಗಿ ಗಂಡನ್ನು ಹುಡುಕಬೇಕು. ಎರಡು ಕಣ್ಣೂ ನೆತ್ತಿಯ ಮೇಲೆ ಕೂಡಿದ್ದರೆ ಗಂಡು, ನಡುವೆ ಜಾಗವಿದ್ದರೆ ಹೆಣ್ಣು. ಆ ಗಂಡನ್ನು ಮೆಲ್ಲಗೆ ಮಗುಚಿ ಹಿಂಗಾಲಿನ ಬುಡ ನೋಡಿ. ತೊಡೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಸಪೂರವಾದ ಮುಳ್ಳೊಂದು ಕೆಳಕ್ಕೆ ಚಾಚಿಕೊಂಡಿರುತ್ತದೆ. ಅದಿದ್ದರೆ ಅನುಮಾನ ಬೇಡ.

ಇದರ ಜೊತೆಗೇ ಹಾರುವ ಎಪಿಸಿರ್ಫಸ್ ಬಾಲ್ಟಿಯಾಟಸ್‌ಗೆ ಆ ಮುಳ್ಳಿಲ್ಲ. ಅದರ ಹೊಟ್ಟೆಯ ಮೇಲೆ ದಪ್ಪ ಕಪ್ಪು ಪಟ್ಟೆಗೆ ಜೋಡಿಯಾಗಿ ಎಳೆಯಷ್ಟು ತೆಳುವಾದ ಇನ್ನೊಂದು ಪಟ್ಟೆ ಇರುತ್ತದೆ. ಅದೂ ಒಂದೇ ಸಮ ಇರುವುದಿಲ್ಲ. ಕೋಶದಲ್ಲಿದ್ದಾಗ ಚಳಿ ಹೆಚ್ಚಿದ್ದರೆ ಹೊರಬರುವ ನೊಣ ಕಪ್ಪೇರುತ್ತದೆ. ಬಣ್ಣ ನಂಬಿ ಹೆಸರು ಹೇಳಬಾರದೆನ್ನುವುದು ಇದಕ್ಕೇ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಸಂಗ್ರಹದ ಮೇಲೆ ದುಡಿದ ಬ್ರುನೆಟ್ಟಿ, 1923ರಲ್ಲಿ ನಮ್ಮ ದೇಶದ ಸಿರ್ಫಿಡ್ ನೊಣಗಳನ್ನು ಒಂದು ಸಂಪುಟದಲ್ಲಿ ತಂದ. ಆತ ಸಂಗೀತಗಾರನೂ ಹೌದು. ನಮ್ಮ ಹೊಲದ ಹುಳಗಳಿಗಾಗಿ ಅಷ್ಟು ತಾಳ್ಮೆ ಕೊಟ್ಟವರನ್ನು ನಾವು ನೆನೆಯುವುದು ಕಡಿಮೆ.

ಇಷ್ಟು ಸೂಕ್ಷ್ಮ ರೈತನಿಗೆ ಯಾಕೆ ಬೇಕು? ಈ ನೊಣದ ಹೆಣ್ಣು ಹೇನಿನ ಗುಂಪಿನ ನಡುವೆಯೇ ಬಿಳಿ ಮೊಟ್ಟೆ ಇಡುತ್ತದೆ. ಅದರಿಂದ ಬರುವ ಮರಿಗೆ ಕಾಲಿಲ್ಲ, ಕಣ್ಣಿಲ್ಲ. ಜಿಗಣೆಯ ಹಾಗೆ ತೆವಳುತ್ತಾ ಹೇನನ್ನು ಬಾಯಲ್ಲಿ ಎತ್ತಿ ಹಿಡಿದು ರಸ ಹೀರಿ ಸಿಪ್ಪೆ ಬಿಸಾಡುತ್ತದೆ. ಕೋಶ ಕಟ್ಟುವ ಹೊತ್ತಿಗೆ ನೂರಾರು ಹೇನು ಖಾಲಿ. ಎಲೆ ಮಗುಚಿದಾಗ ಮೊದಲು ಕಣ್ಣಿಗೆ ಬೀಳುವುದು ಈ ಮರಿಯೇ. "ಹುಳ ಬಿದ್ದದೆ ಕಣಣ್ಣ, ಔಸ್ದಿ ಹೊಡೀಬೇಕು" ಎಂಬ ಮಾತು ಆಗ ಹೊರಡುತ್ತದೆ. ಹೇನಿಗಿಂತ ಮೊದಲು ಸಾಯುವುದು ಹೇನು ತಿನ್ನುವವನು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಈ ಮರಿಗಳ ಉಪಕಾರ ಅಲಸಂದೆಗಷ್ಟೇ ಅಲ್ಲ, ಕಬ್ಬಿಗೂ ಇದೆ. ಪಾಲಹಳ್ಳಿಗೆ ಕಬ್ಬು ಹೊಸದಲ್ಲ. 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾದ ಊರು ಇದು. 2002ರಲ್ಲಿ ಬಿಳಿ ಉಣ್ಣೆ ಹೇನು ಮಹಾರಾಷ್ಟ್ರದಿಂದ ಕರ್ನಾಟಕದ ಕಬ್ಬಿಗೆ ಹಬ್ಬಿತು. ಅದನ್ನು ಹತೋಟಿಗೆ ತಂದದ್ದು ಬಹುಪಾಲು ಡೈಫಾ, ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು. ಅವುಗಳ ಜೊತೆ ಸಿರ್ಫಿಡ್ ಮರಿಗಳೂ ಆ ಹೇನನ್ನು ತಿಂದವು.

ಬೆಳೆದು ರೆಕ್ಕೆ ಬಂದ ನೊಣಕ್ಕೆ ಹೇನು ಬೇಡ, ಹೂವಿನ ಪರಾಗ, ಮಕರಂದ ಸಾಕು. ಬಾಯಿ ಗಿಡ್ಡವಾದ್ದರಿಂದ ಆಳವಿಲ್ಲದ ಹೂವೇ ಆಗಬೇಕು. ಅಲಸಂದೆಯ ಪಕ್ಕ ಕೊತ್ತಂಬರಿಯನ್ನೋ ಸಬ್ಬಸಿಗೆಯನ್ನೋ ಒಂದು ಸಾಲು ಕೀಳದೆ ಹೂವಿಗೆ ಬಿಡಿ. ಔಷಧಿ ಕಲಸುವ ಮೊದಲು ನಾಲ್ಕಾರು ಎಲೆ ಮಗುಚಿ ಮರಿಗಳಿವೆಯೇ ನೋಡಿ. ಇದ್ದರೆ ಆ ದಿನ ಪಂಪು ಮನೆಯಲ್ಲೇ ಇರಲಿ.