ಕೊಳೆಯಿಲ್ಲದ ಕೈಯನ್ನು ತೊಳೆಯುವುದೇಕೆ?

ಶುದ್ಧಿಯೆಂದರೆ ಕೊಳೆಯಿಲ್ಲದಿರುವುದು ಎಂದುಕೊಂಡರೆ ಎಷ್ಟೋ ಆಚರಣೆಗಳು ಅರ್ಥವೇ ಆಗುವುದಿಲ್ಲ. ಯಹೂದಿಗಳು ರೊಟ್ಟಿ ತಿನ್ನುವ ಮುನ್ನ ಕೈಗೆ ನೀರು ಸುರಿದುಕೊಳ್ಳುವ ಕ್ರಮವನ್ನೇ ನೋಡಿ. ಕೈಗೆ ಮಣ್ಣೋ ಹಿಟ್ಟೋ ಮೆತ್ತಿದ್ದರೆ ಮೊದಲೇ ತೆಗೆದಿರಬೇಕು. ಉಂಗುರವನ್ನೂ ಕಳಚಿಡುವುದು ವಾಡಿಕೆ. ವಿಧಿ ಶುರುವಾಗುವ ಹೊತ್ತಿಗೆ ಕೈ ಸ್ವಚ್ಛವಾಗಿಯೇ ಇರುತ್ತದೆ. ಆಮೇಲೆ ಎರಡು ಹಿಡಿಗಳ ಪಾತ್ರೆಯಿಂದ ಒಂದೊಂದು ಕೈಗೂ ನೀರು ಸುರಿದು ಪ್ರಾರ್ಥನೆ ಹೇಳುತ್ತಾರೆ. ಪಾತ್ರೆ ಸೋರಬಾರದು, ಒಡೆದ ಚೂರಾಗಿರಬಾರದು. ಅದು ಹಿಡಿಯಬೇಕಾದ ನೀರಾದರೂ ಒಂದು ಸಣ್ಣ ಲೋಟದಷ್ಟು. ಇದು ಹಳೆಯ ಕಾಲದ ಆರೋಗ್ಯಸೂತ್ರವಷ್ಟೇ ಎನ್ನುವವರಿದ್ದಾರೆ. ಆರೋಗ್ಯವೂ ಅದರ ಒಂದು ಫಲವಾಗಿರಬಹುದು. ಆದರೆ ಕೊಳೆ ಕಳೆಯುವುದೊಂದೇ ಗುರಿಯಾಗಿದ್ದರೆ ಪಾತ್ರೆ ಇಡಿಯಾಗಿದೆಯೇ ಎಂದು ವಿಚಾರಿಸುವ ಅಗತ್ಯವೇನಿತ್ತು?

ಇದನ್ನು ಹೋಲುವ ಕ್ರಮಗಳು ನಮ್ಮಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಿಗುತ್ತವೆ. 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರು ಬುದ್ಧನ ಮುಂದೆ ಏಳು ಬಟ್ಟಲುಗಳನ್ನು ಸಾಲಾಗಿಟ್ಟು ಬೆಳಿಗ್ಗೆ ನೀರು ತುಂಬುತ್ತಾರೆ, ಸಂಜೆ ಬರಿದುಮಾಡಿ ಒರೆಸಿ ಬೋರಲು ಹಾಕುತ್ತಾರೆ. ಮೊದಲ ಬಟ್ಟಲಿನದು ಕುಡಿಯಲು, ಎರಡನೆಯದು ಕಾಲು ತೊಳೆಯಲು. ನೆರೆಯ ಹಿಂದೂ ಮನೆಗಳ ಪೂಜೆಯಲ್ಲಿ ಇಂಥ ಉಪಚಾರಗಳೇ ಅರ್ಘ್ಯ, ಪಾದ್ಯಗಳಾಗಿ ಪಂಚಪಾತ್ರೆಯಿಂದ ಉದ್ಧರಣೆಗೆ ಬರುತ್ತವೆ. ದೇವರ ಪಾದಕ್ಕೆ ಧೂಳು ಹತ್ತಿದೆಯೆಂದು ಯಾರೂ ಪಾದ್ಯ ಕೊಡುವುದಿಲ್ಲ. ಬಾಗಿಲಿಗೆ ಬಂದ ನೆಂಟರಿಗೆ ತಂಬಿಗೆ ನೀರು ಕೊಡುವಂತೆ ಅದೊಂದು ಬರಮಾಡಿಕೊಳ್ಳುವ ರೀತಿ. ಇಲ್ಲೆಲ್ಲ ಶುದ್ಧಿಯೆನ್ನುವುದು ವಸ್ತುವಿನ ಗುಣವಲ್ಲ, ಮುಂದಿನ ಕೆಲಸಕ್ಕೆ ಮನುಷ್ಯ ತನ್ನನ್ನು ಅಣಿಗೊಳಿಸಿಕೊಳ್ಳುವ ಬಗೆ. ಹಾಗಿದ್ದರೆ ಮನಸ್ಸಿನ ಸಂಕಲ್ಪವೇ ಸಾಲದೇ, ನೀರೇಕೆ, ಪಾತ್ರೆಯೇಕೆ? ಸಾಲದು. ಬರಿಯ ಸಂಕಲ್ಪ ಮರೆತುಹೋಗುತ್ತದೆ, ಮಾಡದೆಯೂ ಮಾಡಿದೆನೆನ್ನಿಸುತ್ತದೆ. ಪಾತ್ರೆ ತುಂಬಿಸಬೇಕು, ಎತ್ತಬೇಕು, ಅಳತೆಯಿಂದ ಸುರಿಯಬೇಕು. ಹಸಿದವನು ಅಷ್ಟು ಹೊತ್ತಾದರೂ ಅನ್ನದ ಮುಂದೆ ತಡೆಯಬೇಕು. ಆ ತಡೆಯೇ ಈ ವಿಧಿಯ ತಿರುಳು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ನಮ್ಮ ನಾಡಿನಲ್ಲಿ ಮಡಿ ಮೈಲಿಗೆಯ ಮಾತು ಮನುಷ್ಯರನ್ನು ದೂರವಿಡಲು ಬಳಕೆಯಾಯಿತು. 1927ರಲ್ಲಿ ಅಂಬೇಡ್ಕರರ ಜೊತೆ ದಲಿತರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ, ಸವರ್ಣೀಯರು ಮಡಕೆಗಟ್ಟಲೆ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಹನ್ನೆರಡನೆಯ ಶತಮಾನದ ಶರಣರು ಸೂತಕಗಳನ್ನು ತಳ್ಳಿಹಾಕಿದ್ದು ಇಂಥ ಶುದ್ಧಿಯ ವಿರುದ್ಧವೇ. ಈ ಆಕ್ಷೇಪ ನಿಜ. ಯಹೂದಿ ಪರಂಪರೆಯೂ ಒಳಗಿನವರು ಹೊರಗಿನವರೆಂಬ ಗೆರೆಗಳಿಂದ ಪಾರಾದದ್ದಲ್ಲ. ಆದರೂ ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಅವರ ಮಿಶ್ನಾ ಗ್ರಂಥದಲ್ಲಿ ಕೈಗಳಿಗೇ ಮೀಸಲಾದ ಒಂದು ಭಾಗವಿದೆ. ಅದರ ಪ್ರಕಾರ ಕಲ್ಲಿನದು, ಹಸಿಮಣ್ಣಿನದು, ಕೊನೆಗೆ ಸಗಣಿಯ ಪಾತ್ರೆಯೂ ಆಗುತ್ತದೆ. ನೀರು ಸುರಿಯಲು ಮಕ್ಕಳಾದಿಯಾಗಿ ಎಲ್ಲರೂ ಅರ್ಹರು. ಯಹೂದಿಗಳ ಪುರಾತನ ದೇವಾಲಯದ ಕಂಚಿನ ತೊಟ್ಟಿಯಲ್ಲಿ ಪುರೋಹಿತರಷ್ಟೇ ಕೈಕಾಲು ತೊಳೆಯುತ್ತಿದ್ದ ಶಿಸ್ತು ಹೀಗೆ ಸಾಮಾನ್ಯರ ಊಟದವರೆಗೂ ಬಂತು.

ಮಹಾಡದ ಮಡಕೆ ಇನ್ನೊಬ್ಬರ ಸ್ಪರ್ಶವನ್ನು ಅಳಿಸಲು ಹೊರಟಿತ್ತು; ಮಿಶ್ನಾದ ಪಾತ್ರೆ ಸುರಿದುಕೊಳ್ಳುವವನ ಕೈಯನ್ನಷ್ಟೇ ಕೇಳುತ್ತದೆ. ಶುದ್ಧಿಯ ಯಾವ ನಿಯಮವನ್ನೇ ಆಗಲಿ ಇದರಿಂದಲೇ ಪರೀಕ್ಷಿಸಬಹುದು: ಅದರ ಹೊರೆ ಬೀಳುವುದು ಪಾಲಿಸುವವನ ಮೇಲೋ, ಪಕ್ಕದವನ ಮೇಲೋ? ಪಕ್ಕದವನ ಮೇಲೆ ಬಿದ್ದರೆ ಅದು ಶುದ್ಧಿಯಲ್ಲ, ದರ್ಪ.