ಹಿರಿಯರು ಬಿಟ್ಟುಹೋದ ವಸ್ತುಗಳು



ಅಜ್ಜನಾಗಲಿ ಅಜ್ಜಿಯಾಗಲಿ ತೀರಿಹೋದ ಮೇಲೆ ಅವರು ದಿನಾಲು ಕೈಯಲ್ಲಿ ಹಿಡಿದ ಯಾವದಾದರೂ ಒಂದು ವಸ್ತು ಮನೆಯಲ್ಲಿ ಉಳಿಯುವದುಂಟು. ಒಂದು ಮನೆಯಲ್ಲಿ ದಾರದಿಂದ ಕಟ್ಟಿದ ಕನ್ನಡಕ, ಇನ್ನೊಂದರಲ್ಲಿ ಎಲೆಯಡಿಕೆ ಕುಟ್ಟುವ ಕುಟ್ಟಣಿ, ಮತ್ತೊಂದರಲ್ಲಿ ಹಾಳೆ ಸಡಿಲವಾದ ಸಂಗೀತ ಪುಸ್ತಕ. ಇಂಥ ವಸ್ತುವನ್ನು ಪೇಟೆಗೆ ಒಯ್ದರೆ ಕ್ರಯ ಬಾರದು. ಆದಾಗ್ಯೂ ಅದನ್ನು ಎಸೆಯಲು ಕೈ ಏಳದು. ಇದು ಯಾಕೆ? ಸತ್ತವರ ಯಾವ ಅಂಶವು ಆ ಮರದಲ್ಲಿಯೂ ಗಾಜಿನಲ್ಲಿಯೂ ಉಳಿದಿದೆ? ಅದನ್ನು ಕಾದಿಡುವದು ಹಿರಿಯರಿಗೆ ಸಲ್ಲಿಸುವ ಮಾನವೋ, ಇಲ್ಲವೆ ವೇಷ ಬದಲಿಸಿದ ಪೂಜೆಯೋ?

ಈ ಪ್ರಶ್ನೆಯು ನಮ್ಮಂಥವರಿಗೆ ಸುಲಭವಾದದ್ದಲ್ಲ. ತುಳುನಾಡಿನಲ್ಲಿ ನಮ್ಮ ನೆಂಟರಲ್ಲಿ ಅನೇಕರು ಅಗಲಿದವರಿಗೆ ಎಡೆ ಬಡಿಸಿ ಅವರನ್ನು ನೆನೆಯುತ್ತಾರೆ. ಆ ಪದ್ಧತಿಯನ್ನು ಬಿಟ್ಟ ಮನೆಗಳಿಗೆ, ನೀವು ಹಿರಿಯರನ್ನು ಮರೆತವರು ಎಂಬ ಮಾತು ತಗಲುವದುಂಟು. ಆ ಮಾತು ನೋಯಿಸುತ್ತದೆ. ಯಾಕಂದರೆ ಕೆಲವು ಸಾರಿ ಅದು ನಿಜವೇ. ಎಡೆಯನ್ನು ಬಿಟ್ಟು ಅದರ ಸ್ಥಳದಲ್ಲಿ ಬೇರೆ ನೆನಪನ್ನು ಇಡದ ಮನೆಯಲ್ಲಿ, ಮೂರನೆಯ ತಲೆಯವರಿಗೆ ಅಜ್ಜನ ತಂದೆಯ ಹೆಸರು ಸಹ ತಿಳಿಯದು.

ಸತ್ಯವೇದದಲ್ಲಿ ಇದಕ್ಕೆ ತಕ್ಕ ಎರಡು ಸಂಗತಿಗಳುಂಟು. ಮೋಶೆಯು ಅರಣ್ಯದಲ್ಲಿ ಮಾಡಿಸಿದ ತಾಮ್ರದ ಸರ್ಪವು ಜನರ ಪ್ರಾಣವನ್ನು ಉಳಿಸಿದ ವಸ್ತು. ಆದರೆ ಮುಂದಿನ ತಲೆಗಳವರು ಅದಕ್ಕೆ ಧೂಪ ಹಾಕುತ್ತಾ ಬಂದದರಿಂದ ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿಸಿದನು. ಯೊಪ್ಪ ಊರಿನಲ್ಲಿಯಾದರೋ ದೊರ್ಕಳು ತೀರಿಹೋದಾಗ ವಿಧವೆಯರು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು ಅಳುತ್ತಾ ಪೇತ್ರನಿಗೆ ತೋರಿಸಿದರು. ಅವರನ್ನು ಯಾರೂ ಗದರಿಸಲಿಲ್ಲ. ಎರಡೂ ಕಡೆಯಲ್ಲಿ ಕೈಯಿಂದ ಮಾಡಿದ ವಸ್ತುವೇ ಇತ್ತಲ್ಲಾ, ಹಾಗಾದರೆ ಭೇದವೆಲ್ಲಿ? ಸರ್ಪದಿಂದ ಜನರು ವರವನ್ನು ಬೇಡಿದರು. ಬಟ್ಟೆಯಿಂದ ವಿಧವೆಯರು ಏನನ್ನೂ ಬೇಡದೆ, ಅದು ಯಾರ ಕೈಗೆಲಸ ಎಂಬದನ್ನು ಹೇಳಿದರು. ವಸ್ತುವು ಸತ್ತವರ ನೆಲೆಯಲ್ಲ, ಅವರ ಸಾಕ್ಷಿ. ಸಾಕ್ಷಿಯನ್ನು ಪೂಜಿಸಬಾರದು, ಅದನ್ನು ವಿಚಾರಿಸಬೇಕು.

ಮಂಗಳೂರಿಗೆ ಸಂಬಂಧಪಟ್ಟ ಒಂದು ದೃಷ್ಟಾಂತವನ್ನು ಕೇಳಿರಿ. ಹರ್ಮನ್ ಗುಂಡರ್ಟ್ ಎಂಬವರು ೧೮೩೬ರಲ್ಲಿ ಭಾರತಕ್ಕೆ ಬಂದು, ೧೮೩೮ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನನ್ನು ಸೇರಿ, ಮರು ವರುಷ ತಲಚೇರಿಗೆ ಹೋದರು. ೧೮೫೯ರಲ್ಲಿ ಯುರೋಪಿಗೆ ಹಿಂತಿರುಗಿದ ಮೇಲೆ ಅವರು ಜರ್ಮನಿಯ ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ ವಾಸಿಸಿ ೧೮೯೩ರಲ್ಲಿ ತೀರಿಹೋದರು. ಅವರ ಮಗಳಾದ ಮರೀಯಳನ್ನು ಮದುವೆಯಾದ ಯೊಹಾನ್ನೆಸ್ ಹೆಸ್ಸೆಯವರು ಸಹ ಅದಕ್ಕೆ ಮುಂಚೆ ಮಂಗಳೂರಿನಲ್ಲಿ ಸೇವೆ ಮಾಡಿ, ಆರೋಗ್ಯ ಕೆಟ್ಟು ಹಿಂತಿರುಗಿದವರು. ಇವರ ಮಗನೇ ೧೯೪೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಗ್ರಂಥಕರ್ತನಾದ ಹರ್ಮನ್ ಹೆಸ್ಸೆ.

ಈ ಮೊಮ್ಮಗನು ತನ್ನ ಬಾಲ್ಯವನ್ನು ಕುರಿತು ಬರೆದ ಕಥನದಲ್ಲಿ ಅಜ್ಜನ ಗಾಜಿನ ಕಪಾಟನ್ನೂ ಅದರಲ್ಲಿದ್ದ ಭಾರತದ ಒಂದು ಚಿಕ್ಕ ವಿಗ್ರಹವನ್ನೂ ನೆನೆಯುತ್ತಾನೆ. ವಿಗ್ರಹಾರಾಧನೆಯನ್ನು ಬಿಡಿರೆಂದು ಬೋಧಿಸಿದವರ ಮನೆಯಲ್ಲಿ ವಿಗ್ರಹವೇ? ಅದು ಅಲ್ಲಿ ಇದ್ದದ್ದು ಪೂಜೆಗಾಗಿ ಅಲ್ಲ. ಇಪ್ಪತ್ತಕ್ಕೆ ಮೇಲ್ಪಟ್ಟ ವರುಷ ಬಾಳಿದ ನಾಡಿನ ಗುರುತಾಗಿ ಇತ್ತು. ಆ ನಾಡನ್ನು ಮೊಮ್ಮಗನು ಎಂದೂ ಕಾಣಲಿಲ್ಲ. ೧೯೧೧ರಲ್ಲಿ ಸಿಂಹಳ, ಸುಮಾತ್ರಗಳ ತನಕ ಬಂದವನು ನಮ್ಮ ಕರಾವಳಿಗೆ ಬಾರದೆ ಹಿಂತಿರುಗಿದನು. ಅಜ್ಜನ ವೃತ್ತಿಯನ್ನೂ ಅವನು ಹಿಡಿಯಲಿಲ್ಲ. ಸಭಾಸೇವೆಗೆ ಸಿದ್ಧಮಾಡುವ ಶಾಲೆಯನ್ನು ೧೮೯೨ರಲ್ಲಿ ಬಿಟ್ಟು ತನ್ನದೇ ದಾರಿಯಲ್ಲಿ ನಡೆದನು. ಇದರಿಂದ ಒಂದು ಸಂಗತಿಯು ತಿಳಿಯುತ್ತದೆ. ವಸ್ತುವು ಬಾಧ್ಯವಾಗಿ ಕೈಯಿಂದ ಕೈಗೆ ಬರುವದು. ನಂಬಿಕೆಯೂ ಗುಣವೂ ಹಾಗೆ ಬರುವದಿಲ್ಲ. ಅಜ್ಜಿಯ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡವನು ಅಜ್ಜಿಯ ತಾಳ್ಮೆಯನ್ನು ಪಡೆದವನೆಂದು ಎಣಿಸಬಾರದು.

ಆ ಅಜ್ಜನು ಬಿಟ್ಟುಹೋದ ಇನ್ನೊಂದು ವಸ್ತುವುಂಟು. ಅವರು ಬಹು ವರುಷ ದುಡಿದು ರಚಿಸಿದ ಮಲೆಯಾಳ ಇಂಗ್ಲಿಷ್ ನಿಘಂಟು ೧೮೭೨ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಲ್ಲಿ ಅಚ್ಚಾಯಿತು. ಪಂಡಿತರು ಈಗಲೂ ಅದನ್ನು ತೆರೆಯುತ್ತಾರೆ. ಕಪಾಟಿನೊಳಗಿನದು ನೋಡತಕ್ಕ ವಸ್ತು. ನಿಘಂಟು ಇನ್ನೂ ದುಡಿಯುವ ವಸ್ತು. ಆದದರಿಂದ ಅಜ್ಜಿಯ ಪಾತ್ರೆಯು ಇನ್ನೂ ಸೋರದೆ ಇದ್ದರೆ ಅದನ್ನು ಅಟ್ಟದ ಮೇಲೆ ಇಡದೆ ಅದರಲ್ಲಿ ಗಂಜಿ ಬೇಯಿಸುವದೇ ಒಳ್ಳೇದು.

ನಮ್ಮ ತಲೆಯ ಮೇಲಿರುವ ಸಾಕ್ಷಿಯನ್ನೂ ನೋಡಿರಿ. ೧೮೬೫ರಲ್ಲಿ ಮಂಗಳೂರಿನ ಜಪ್ಪುವಿನಲ್ಲಿ ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆಯು ಆರಂಭವಾಯಿತು. ಸ್ನಾನದೀಕ್ಷೆಯನ್ನು ಹೊಂದಿದ್ದರಿಂದ ಮನೆಯನ್ನೂ ಭೂಮಿಯನ್ನೂ ಕಳಕೊಂಡ ಅನೇಕರು ಇಂಥ ಕಾರ್ಖಾನೆಗಳಲ್ಲಿ ಆವೆಮಣ್ಣನ್ನು ಕಲಸಿ, ಅಚ್ಚೊತ್ತಿ, ಸುಟ್ಟು, ಹೊಟ್ಟೆ ಹೊರೆದರು. ಹಳೇ ಹಂಚನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರೂ ಆ ವರುಷವೂ ಅಚ್ಚಾಗಿರುವದನ್ನು ಕಾಣುವಿರಿ. ಮಣ್ಣನ್ನು ಕಲಸಿದವನ ಹೆಸರು ಅದರಲ್ಲಿ ಇಲ್ಲ. ಅದನ್ನು ಹೇಳತಕ್ಕವರು ಯಾರು? ಮೊಮ್ಮಕ್ಕಳು ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

ಆದರೆ ಸಾಕ್ಷಿಯನ್ನು ವಿಚಾರಿಸುವಾಗ ಸತ್ಯವನ್ನೇ ಕೇಳಬೇಕು. ಹಿರಿಯರು ದೇವದೂತರಾಗಿರಲಿಲ್ಲ. ಅವರ ಕುಟ್ಟಣಿಯು ಸಂಜೆಯ ಮಾತುಗಳೊಂದಿಗೆ ಮುಂಗೋಪವನ್ನೂ ನೆನಪಿಗೆ ತರಬಹುದು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ನಾವು ನೆನೆಯುವದು ಅವರನ್ನಲ್ಲ, ನಮ್ಮ ಕಲ್ಪನೆಯನ್ನೇ.

ಅದಲ್ಲದೆ, ಒಂದು ವಸ್ತುವಿಗಾಗಿ ಅಣ್ಣತಮ್ಮಂದಿರು ಜಗಳವಾಡಿ ಒಬ್ಬರ ಮನೆಗೆ ಒಬ್ಬರು ಹೋಗದೆ ಇರುವದನ್ನು ನಾವು ಕಾಣುತ್ತೇವೆ. ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸಿ ಉಣಿಸಿದ ಅಜ್ಜಿಯ ಚೆಂಬು ಅವರನ್ನು ಬೇರೆ ಮಾಡುವದಾದರೆ, ಅದನ್ನು ಬಿಟ್ಟುಕೊಡುವವನೇ ಅಜ್ಜಿಯನ್ನು ಹೆಚ್ಚಾಗಿ ಮಾನಿಸಿದವನು.

ಹೀಗಿರಲಾಗಿ ಪ್ರಿಯರೇ, ನಿಮ್ಮ ಮನೆಯಲ್ಲಿ ಇಂಥ ವಸ್ತುವಿದ್ದರೆ, ಅದು ಯಾರದು, ಅವರು ಯಾವ ಊರಿನವರು, ಯಾವ ಕೆಲಸ ಮಾಡಿದರು, ಯಾವ ಕಷ್ಟವನ್ನು ದಾಟಿದರು ಎಂಬದನ್ನು ನಿಮ್ಮ ವೃದ್ಧರ ಬಾಯಿಂದ ಈಗಲೇ ಕೇಳಿ ಒಂದು ಕಾಗದದಲ್ಲಿ ಬರೆದು ಅದರೊಂದಿಗೆ ಇಡಿರಿ. ಮನೆಯವರು ಕೂಡಿದಾಗ ಅದನ್ನು ಮಕ್ಕಳಿಂದ ಓದಿಸಿರಿ. ಬಳಿಕ ವಸ್ತುವು ಮುರಿದುಹೋದರೂ ಆ ಮಾತು ಉಳಿಯುವದು. ತಿಮೊಥೆಯನ ಅಜ್ಜಿಯು ಯಾವ ವಸ್ತುವನ್ನು ಬಿಟ್ಟುಹೋದಳೆಂದು ಎಲ್ಲಿಯೂ ಬರೆದಿಲ್ಲ. ಆಕೆಯ ಹೆಸರನ್ನೂ ನಂಬಿಕೆಯನ್ನೂ ಇಂದಿನ ವರೆಗೂ ಓದುತ್ತೇವೆ.