ಹೊಂಡದ ಸೀಗಡಿ, ಬುದ್ಧಘೋಷನ ಲೆಕ್ಕ

2011ರ ಸೆಪ್ಟೆಂಬರಿನಲ್ಲಿ ಶ್ರೀಲಂಕಾದ ಚಿಲಾವ್ ಪಟ್ಟಣದ ಹತ್ತಿರ, ಮುನ್ನೇಶ್ವರಂ ಕ್ಷೇತ್ರದ ಭದ್ರಕಾಳಿ ಗುಡಿಗೆ ಆಗಿನ ಸಚಿವ ಮರ್ವಿನ್ ಸಿಲ್ವಾ ಬೆಂಬಲಿಗರೊಂದಿಗೆ ನುಗ್ಗಿ, ಹರಕೆಗೆಂದು ಭಕ್ತರು ತಂದಿದ್ದ ಆಡು-ಕೋಳಿಗಳನ್ನು ಹೊತ್ತೊಯ್ದರು. ಪ್ರಾಣಿಬಲಿ ನಿಲ್ಲಬೇಕೆಂದು ಬೌದ್ಧ ಭಿಕ್ಷುಗಳು ಪ್ರತಿಭಟಿಸಿದರು. ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ಚಿಲಾವ್‌ನಿಂದ ಉತ್ತರಕ್ಕೆ ಪುತ್ತಳಂವರೆಗೆ, ಡಚ್ಚರ ಕಾಲದ ಕಾಲುವೆಯ ಆಸುಪಾಸಿನಲ್ಲಿ, ದ್ವೀಪದ ಸೀಗಡಿ ಹೊಂಡಗಳಿವೆ. ಮೂವತ್ತು ಗ್ರಾಂ ತೂಗುವ ಸೀಗಡಿಯೆಂದರೆ ಒಂದು ಟನ್ನಿಗೆ 33 ಸಾವಿರಕ್ಕೂ ಹೆಚ್ಚು ಜೀವ. ಆಡಿಗೆ ಅತ್ತವರು ಸೀಗಡಿಗೆ ಯಾಕೆ ಅಳಲಿಲ್ಲ ಎಂದು ಕೇಳಿದರೆ ಕುಚೋದ್ಯದಂತೆ ಕೇಳಿಸಬಹುದು. ಆದರೆ ಈ ಪ್ರಶ್ನೆಯನ್ನು ಥೇರವಾದ ಬೌದ್ಧರ ಪಂಡಿತರು ಬಹಳ ಹಿಂದೆಯೇ ಗಂಭೀರವಾಗಿ ಎತ್ತಿಕೊಂಡಿದ್ದರು, ಅದೂ ಇದೇ ದ್ವೀಪದಲ್ಲಿ.

ಐದನೆಯ ಶತಮಾನದಲ್ಲಿ ಅನುರಾಧಪುರದ ಮಹಾವಿಹಾರದಲ್ಲಿ ಕುಳಿತು ಬರೆದ ಬುದ್ಧಘೋಷನ ಹೆಸರಿನ ಅಟ್ಠಕಥೆಗಳು, ಅಂದರೆ ಪಾಲಿ ಗ್ರಂಥಗಳ ವ್ಯಾಖ್ಯಾನಗಳು, ಕೊಲೆ ಪೂರ್ಣವಾಗಲು ಐದು ಅಂಗಗಳನ್ನು ಎಣಿಸುತ್ತವೆ: ಜೀವವೊಂದು ಇರಬೇಕು, ಅದು ಜೀವ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸು ಮೂಡಬೇಕು, ಅದಕ್ಕೆ ತಕ್ಕ ಪ್ರಯತ್ನ ನಡೆಯಬೇಕು, ಅದರಿಂದ ಸಾವು ಬರಬೇಕು. ಪಾಪದ ತೂಕಕ್ಕೂ ಒಂದು ಅಳತೆಯಿದೆ. ಪ್ರಾಣಿಗಳಲ್ಲಿ ಸಣ್ಣದನ್ನು ಕೊಂದರೆ ದೋಷ ಕಡಿಮೆ, ದೊಡ್ಡದನ್ನು ಕೊಂದರೆ ಹೆಚ್ಚು. ದೊಡ್ಡದನ್ನು ಕೊಲ್ಲಲು ಹೆಚ್ಚು ಹೆಣಗಬೇಕು. ಹೆಣಗಾಟ ಸಮವಾಗಿದ್ದರೂ ದೇಹ ದೊಡ್ಡದಲ್ಲವೇ? ಗೋಮಾಂಸ ಮುಟ್ಟದ ಸಿಂಹಳ ಬೌದ್ಧರ ಮನೆಯಲ್ಲಿ ಮೀನಿನ ಸಾರು ದಿನವೂ ಕುದಿಯುವುದಕ್ಕೆ ಈ ಲೆಕ್ಕ ಹೊಂದುತ್ತದೆ. ಟಿಬೆಟ್ಟಿನವರದು ಇದಕ್ಕೆ ತಿರುಗುಮುರುಗು: ಒಂದು ಯಾಕ್ ಸತ್ತರೆ ಒಂದು ಕುಟುಂಬ ಬಹಳ ದಿನ ಉಣ್ಣುತ್ತದೆ, ಮೀನಾದರೆ ಒಂದು ಊಟಕ್ಕೇ ಎಷ್ಟೋ ಪ್ರಾಣ ಹೋಗುತ್ತವೆ. ಬುದ್ಧ ಒಬ್ಬನೇ, ಒಬ್ಬರು ಗಾತ್ರ ಅಳೆದರು, ಇನ್ನೊಬ್ಬರು ತಲೆ ಎಣಿಸಿದರು.

ಹೊಂಡದ ಸೀಗಡಿ ಈ ಎರಡು ಲೆಕ್ಕವನ್ನೂ ಕದಡುತ್ತದೆ.

ಅದರ ಹುಟ್ಟಿನಿಂದಲೇ ನೋಡಬಹುದು. ಸೆರೆಯಲ್ಲಿಟ್ಟ ಹೆಣ್ಣು ಟೈಗರ್ ಸೀಗಡಿ ಸುಲಭಕ್ಕೆ ಮೊಟ್ಟೆಯಿಡುವುದಿಲ್ಲ. ಅಂಡಾಶಯ ಬಲಿಯದಂತೆ ತಡೆಯುವ ಹಾರ್ಮೋನು ಹುಟ್ಟುವುದು ಅದರ ಕಣ್ಣಿನ ತೊಟ್ಟಿನಲ್ಲಿ. ಹಾಗಾಗಿ ಹ್ಯಾಚರಿಗಳಲ್ಲಿ ಒಂದು ಕಣ್ಣನ್ನು ತೊಟ್ಟಿನ ಸಮೇತ ಕತ್ತರಿಸುತ್ತಾರೆ, ಇಲ್ಲವೇ ಹಿಸುಕುತ್ತಾರೆ, ಕಾದ ಇಕ್ಕಳದಿಂದ ಸುಡುವುದೂ ಉಂಟು. ಎರಡೂ ಕಣ್ಣು ತೆಗೆದರೆ ತಾಯಿ ಉಳಿಯುವುದಿಲ್ಲ. ಒಂದಾದರೆ ಕೆಲವು ದಿನಗಳಲ್ಲೇ ಮೊಟ್ಟೆ ಕಟ್ಟುತ್ತದೆ. ಲೋಕದ ಎಷ್ಟೋ ಸೀಗಡಿ ಹ್ಯಾಚರಿಗಳಲ್ಲಿ ದಶಕಗಳಿಂದ ಇದೇ ವಾಡಿಕೆ. ಇಲ್ಲಿ ಯಾರೂ ಯಾರನ್ನೂ ಕೊಲ್ಲುತ್ತಿಲ್ಲ ಎಂಬುದು ಗಮನಿಸಬೇಕಾದ ಮಾತು. ಐದು ಅಂಗಗಳ ಪಟ್ಟಿಗೆ ಈ ಕತ್ತರಿ ಸಿಗುವುದೇ ಇಲ್ಲ.

ಸೀಗಡಿಗೆ ನೋವಾಗುತ್ತದೆಯೇ? 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೀಗಡಿಯ ಮೀಸೆಗೆ ಅಸಿಟಿಕ್ ಆಮ್ಲ ಹಚ್ಚಿದಾಗ ಅದು ಆ ಮೀಸೆಯನ್ನೇ ಮತ್ತೆಮತ್ತೆ ಉಜ್ಜಿಕೊಂಡಿತು. ಮೊದಲೇ ಅರಿವಳಿಕೆ ಹಚ್ಚಿದ್ದಾಗ ಉಜ್ಜಾಟ ಕಡಿಮೆಯಾಯಿತು. 2021ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತತ್ತ್ವಶಾಸ್ತ್ರಜ್ಞ ಜೊನಾಥನ್ ಬರ್ಚ್ ನೇತೃತ್ವದ ತಂಡ ಇಂಥ ನೂರಾರು ಅಧ್ಯಯನಗಳನ್ನು ಜಾಲಾಡಿ, ಏಡಿ-ಸೀಗಡಿಗಳನ್ನೂ ಸಂವೇದನೆಯುಳ್ಳ ಜೀವಿಗಳೆಂದೇ ಪರಿಗಣಿಸಬೇಕು ಎಂದಿತು. ಮರುವರ್ಷ ಬ್ರಿಟನ್ನಿನ ಪ್ರಾಣಿಕ್ಷೇಮದ ಕಾಯ್ದೆ ಅವನ್ನು ಒಳಗೊಂಡಿತು. ಬೌದ್ಧರಿಗೆ ಇದು ಹೊಸ ಸುದ್ದಿಯಲ್ಲ. ಕೊಲ್ಲಬಾರದೆಂಬ ಶೀಲದ ಮಾತು ಮೊದಲಿನಿಂದಲೂ ಪ್ರಾಣವಿರುವುದರ ಬಗ್ಗೆಯೇ ಇತ್ತು.

ಇನ್ನು ಸಾವು. ಮರಿ ಬಿಟ್ಟ ನಾಲ್ಕೈದು ತಿಂಗಳಿಗೆ ತೂಬು ತೆರೆದು ನೀರು ಬಸಿದು, ಬಲೆಗೆ ಬಿದ್ದದ್ದನ್ನು ಐಸ್ ನೀರಿಗೆ ಸುರಿಯುತ್ತಾರೆ. ಕತ್ತಿಯಿಲ್ಲ, ರಕ್ತವಿಲ್ಲ. ತೂಬು ಎತ್ತಿದವನು ನೀರು ಬಿಟ್ಟ, ಐಸ್ ತಂದವನು ಐಸ್ ತಂದ, ಸಾಲ ಕೊಟ್ಟ ಬ್ಯಾಂಕು ಕಡಲನ್ನೇ ಕಂಡಿಲ್ಲ, ಜಪಾನಿನಲ್ಲೋ ಯುರೋಪಿನಲ್ಲೋ ಪೊಟ್ಟಣ ಬಿಚ್ಚಿದವರಿಗೆ ಪುತ್ತಳಂ ಎಲ್ಲಿದೆಯೆಂದೇ ಗೊತ್ತಿಲ್ಲ. ಜನ್ನನ ಯಶೋಧರ ಚರಿತೆಯನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬೇಕು. ಅಲ್ಲಿ ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ದೋಷಕ್ಕೆ ತಾಯಿ-ಮಗ ಇಬ್ಬರೂ ಜನ್ಮಜನ್ಮ ಅಲೆದರು. ಇಲ್ಲಿ ಸತ್ತವು ಲಕ್ಷ, ಸಂಕಲ್ಪ ಮಾತ್ರ ಯಾರ ಲೆಕ್ಕಕ್ಕೂ ಬೀಳುತ್ತಿಲ್ಲ.

ತಿನ್ನುವವರಿಗೆ ಇನ್ನೊಂದು ಆಸರೆಯೂ ಇದೆ. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಅನುಮಾನಿಸದ ಮಾಂಸವನ್ನು ಭಿಕ್ಷು ಸ್ವೀಕರಿಸಬಹುದು ಎಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯ ಹೇಳುತ್ತದೆ. ರಫ್ತಿನ ಸೀಗಡಿ ಈ ಮೂರನ್ನೂ ಸಲೀಸಾಗಿ ದಾಟುತ್ತದೆ. ಆದರೆ ಆ ರಿಯಾಯಿತಿ ಪಾತ್ರೆ ಹಿಡಿದು ಮನೆ ಮುಂದೆ ನಿಂತು, ಹಾಕಿದ್ದನ್ನು ಉಣ್ಣುವವನದು. ದುಡ್ಡು ಕೊಟ್ಟು, ಗಾತ್ರ ಹೇಳಿ ಆರ್ಡರ್ ಮಾಡುವವನು ಅದರ ನೆರಳಿನಲ್ಲಿ ನಿಲ್ಲುವಂತಿಲ್ಲ.

ಈ ಕರಾವಳಿಯವರೆಲ್ಲ ಬೌದ್ಧರಲ್ಲ. ನೆಗೊಂಬೊದಿಂದ ಚಿಲಾವ್‌ವರೆಗಿನ ಮೀನುಗಾರರಲ್ಲಿ ಕ್ಯಾಥೊಲಿಕರೇ ಹೆಚ್ಚು, ಪುತ್ತಳಂನಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸೀಗಡಿಗೆ ಅವರ ಧರ್ಮದ ಅಡ್ಡಿಯಿಲ್ಲ. ಬಡವನ ಬಲೆಗೆ ಶೀಲದ ಪಾಠ ಹೇಳುವುದು ಸುಲಭ, ಸಲ್ಲದು ಕೂಡ. ಎಂಬತ್ತರ ದಶಕದಿಂದ ಹೊಂಡಕ್ಕಾಗಿ ಕಾಂಡ್ಲಾ ಕಾಡು ಕಡಿದಾಗ, 1996ರಲ್ಲಿ ಬಿಳಿಚುಕ್ಕೆ ವೈರಸ್ ಬಂದು ಹೊಂಡಗಳು ಪಾಳುಬಿದ್ದಾಗ, ಪೆಟ್ಟು ತಿಂದವರಲ್ಲಿ ಹಿನ್ನೀರಿನ ಮೀನು ನಂಬಿದ ಈ ಬಡವರೂ ಇದ್ದರು. ಪ್ರಶ್ನೆ ಇರುವುದು ಬಂಡವಾಳ ಹೂಡುವವರಿಗೆ, ಅಹಿಂಸೆಯ ಹೆಸರಿನಲ್ಲಿ ಗುಡಿಗೆ ನುಗ್ಗುವ ರಾಜಕಾರಣಕ್ಕೆ.

ಅವರಿಗೆ ಉತ್ತರ ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿದೆ. ಗೃಹಸ್ಥ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಅಲ್ಲಿ ಹೆಸರಿಸುತ್ತಾನೆ: ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. ಮಾಂಸದ ವ್ಯಾಪಾರವೆಂದರೆ ಹಂದಿ, ಜಿಂಕೆ ಮೊದಲಾದವನ್ನು ಸಾಕಿ ಮಾರುವುದು ಎಂದು ಅಟ್ಠಕಥೆ ಬಿಡಿಸಿ ಹೇಳುತ್ತದೆ. ಕತ್ತಿ ಯಾರ ಕೈಯಲ್ಲಿತ್ತು, ಪ್ರಾಣಿ ಎಷ್ಟು ದೊಡ್ಡದು, ಉಂಡವರು ಯಾವ ದೇಶದವರು ಎಂದು ಅದು ಕೇಳುವುದಿಲ್ಲ. ಸಾಕಿ ಮಾರಿದರೆ ಸಾಕು. ಬೌದ್ಧ ಬಂಡವಾಳಗಾರನ ಸೀಗಡಿ ಹೊಂಡ ಈ ಐದರಲ್ಲಿ ಮೂರನೆಯದು.